ಹವಳ, ಪೋವಳೆ, ಪ್ರವಾಳ: ಗಡಿನಾಡಿನಲ್ಲಿ ಒಂದು ಪದದ ವಂಶಾವಳಿ ಮತ್ತು ಅರ್ಥವಿಸ್ತಾರ

ಸಾರಾಂಶ

ಕನ್ನಡದ ‘ಹವಳ’, ಮರಾಠಿಯ ‘ಪೋವಳೆ’, ಕೊಂಕಣಿಯ ‘ಪೊವಳೆಂ’ ಎಂಬ ಪದಗಳು ಬೆಳಗಾವಿ ನಗರದಲ್ಲಿಯೂ ಖಾನಾಪುರ ತಾಲ್ಲೂಕಿನಲ್ಲಿಯೂ ಅಕ್ಕಪಕ್ಕದಲ್ಲಿ ಬಳಕೆಯಲ್ಲಿವೆ. ಇವುಗಳ ಮೂಲದ ಬಗ್ಗೆ ರೂಢಿಯಲ್ಲಿರುವ ಎರಡು ವಿರುದ್ಧ ನಿಲುವುಗಳನ್ನು ಈ ಲೇಖನವು ಪರಿಶೀಲಿಸುತ್ತದೆ. ಹಲಸಿ ಎಂಬ ಊರಹೆಸರನ್ನು ಮಾನದಂಡವಾಗಿಟ್ಟುಕೊಂಡು ನೋಡಿದಾಗ ಕನ್ನಡ, ಮರಾಠಿ ರೂಪಗಳಲ್ಲಿ ಯಾವುದೂ ಇನ್ನೊಂದರ ತಾಯಿಯಲ್ಲ, ಎರಡೂ ಒಡಹುಟ್ಟಿದವು ಎಂಬುದು ನಮ್ಮ ವಾದ. ಅದರ ಜೊತೆಗೆ, ಒಡವೆಯ ಹೆಸರಾದ ಈ ಪದವು ಕಡಲಿನ ಜೀವಿಗೂ ಅದು ಕಟ್ಟುವ ನೆಲಕ್ಕೂ ಹೆಸರಾದಾಗ ಉಂಟಾದ ತೊಡಕನ್ನು ಚರ್ಚಿಸಿ, ಪಾರಿಭಾಷಿಕ ಪದಗಳ ಬಗ್ಗೆ ಒಂದು ಸಲಹೆಯನ್ನು ಮುಂದಿಡಲಾಗಿದೆ.

1. ಸಮಸ್ಯೆಯ ಸ್ವರೂಪ

ಬೆಳಗಾವಿಯ ಸರಾಫ ಅಂಗಡಿಗಳಲ್ಲಿ ಒಂದೇ ಕೆಂಪು ಮಣಿಗೆ ಮೂರು ಹೆಸರುಗಳು ಕೇಳಿಬರುತ್ತವೆ. ಕನ್ನಡಿಗರು ಹವಳವೆನ್ನುತ್ತಾರೆ, ಮರಾಠಿಗರು ಪೋವಳೆ ಎನ್ನುತ್ತಾರೆ, ಉರ್ದು ಮಾತನಾಡುವವರು ಮೂಂಗಾ ಎನ್ನುತ್ತಾರೆ. ಕರಿಮಣಿಯ ನಡುವೆ ಪೋಣಿಸುವ ಮಣಿಯಾಗಲಿ, ಮಂಗಳ ಗ್ರಹದ ಹೆಸರಿನಲ್ಲಿ ಉಂಗುರಕ್ಕೆ ಕೂಡಿಸುವ ಹರಳಾಗಲಿ, ಪತ್ತಾರನಿಗೆ ಮೂರು ಹೆಸರೂ ಗೊತ್ತು; ಆದರೆ ಒಂದು ಭಾಷೆಯ ವಾಕ್ಯದಲ್ಲಿ ಇನ್ನೊಂದರ ಹೆಸರು ಸುಲಭವಾಗಿ ಸೇರುವುದಿಲ್ಲ. ಇದು ಅನಿರೀಕ್ಷಿತವಲ್ಲ. ಇದೇ ಗಡಿಪಟ್ಟಿಗೆ ಸೇರಿದ ಸಾಂಗ್ಲಿ ಜಿಲ್ಲೆಯ ಕುಪವಾಡವನ್ನು ಕುರಿತು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನವು, ಕನ್ನಡ, ಮರಾಠಿ, ಉರ್ದು ಭಾಷೆಗಳ ವಾಕ್ಯರಚನೆಗಳು ಒಂದರ ಅಚ್ಚಿನಲ್ಲಿ ಇನ್ನೊಂದು ಎರಕಗೊಂಡಷ್ಟು ಹತ್ತಿರವಾಗಿದ್ದರೂ ಪದಕೋಶಗಳು ಬೇರೆಬೇರೆಯಾಗಿ ಉಳಿದಿರುವುದನ್ನು ತೋರಿಸಿಕೊಟ್ಟಿತು. ಇಂಥ ಪರಿಸರದಲ್ಲಿ ಮಾತನಾಡುವವನ ಗುರುತನ್ನು ಹೇಳುವುದು ವಾಕ್ಯರಚನೆಗಿಂತ ಮಿಗಿಲಾಗಿ ಪದವೇ.

ಗುರುತು ಹೇಳುವ ಪದ ಒಡೆತನದ ಪತ್ರವೂ ಆಗಿಬಿಡುವುದು ಗಡಿನಾಡಿನ ಅಪಾಯ. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಬೆಳಗಾವಿಯ ಪ್ರಶ್ನೆ 1967ರ ಮಹಾಜನ ವರದಿಯನ್ನೂ 2004ರಲ್ಲಿ ಸರ್ವೋಚ್ಚ ನ್ಯಾಯಾಲಯವನ್ನೂ ಕಂಡಿದೆ. ಆ ಚರ್ಚೆಯ ನೆರಳಿನಲ್ಲಿ ವ್ಯುತ್ಪತ್ತಿಯೂ ನಿಂತಿದೆ. ‘ಹವಳ’ವನ್ನು ಕುರಿತು ಎರಡು ನಿಲುವುಗಳು ರೂಢಿಯಲ್ಲಿವೆ. ಮೊದಲನೆಯದು ಶಾಲಾ ವ್ಯಾಕರಣಗಳ ತತ್ಸಮ–ತದ್ಭವ ಪಟ್ಟಿಗಳದು: ಪ್ರವಾಳ ತತ್ಸಮ, ಹವಳ ತದ್ಭವ; ಅಲ್ಲಿಗೆ ಮಾತು ಮುಗಿಯಿತು. ಎರಡನೆಯದು ದೇಶ್ಯಾಭಿಮಾನದ್ದು: ಪಾಲು ಹಾಲಾದಂತೆ ಪವಳ ಹವಳವಾಗಿದೆ, ಆದ್ದರಿಂದ ಅದು ಅಚ್ಚಗನ್ನಡ, ಸಂಸ್ಕೃತ ಮರಾಠಿಗಳೇ ನಮ್ಮಿಂದ ಪಡೆದವು. ಎರಡೂ ನಿಲುವುಗಳು ಸಾಕ್ಷ್ಯವು ಹೇಳುವುದಕ್ಕಿಂತ ಹೆಚ್ಚನ್ನು ಅದರ ಬಾಯಿಂದ ಹೇಳಿಸುತ್ತವೆ ಎಂಬುದು ನಮ್ಮ ಆಕ್ಷೇಪ.

2. ಪಕಾರ–ಹಕಾರ: ಹಲಸಿಯ ಸಾಕ್ಷ್ಯ

ಎರಡನೆಯ ನಿಲುವನ್ನು ಮೊದಲು ನೋಡೋಣ. ಪದಾದಿಯ ಪಕಾರವು ಹಕಾರವಾಗುವ ಬದಲಾವಣೆ ಸುಮಾರು ಹತ್ತನೆಯ ಶತಮಾನದಿಂದ ಶಾಸನಗಳಲ್ಲಿ ಕಾಣಿಸಿಕೊಳ್ಳತೊಡಗಿ ನಡುಗನ್ನಡದ ವೇಳೆಗೆ ನೆಲೆಗೊಂಡಿತು. ಪಾಲ್, ಪುಲಿ, ಪಳ್ಳಿ ಎಂಬ ದೇಶ್ಯಪದಗಳು ಹಾಲು, ಹುಲಿ, ಹಳ್ಳಿ ಆದದ್ದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಈ ಬದಲಾವಣೆ ಪದದ ಕುಲವನ್ನು ಕೇಳುವುದಿಲ್ಲ. ಪರ್ವದಿಂದ ಬಂದ ಪಬ್ಬ ‘ಹಬ್ಬ’ವಾಯಿತು, ಪೂರ್ಣಿಮೆಯಿಂದ ಬಂದ ಪುಣ್ಣಮೆ ‘ಹುಣ್ಣಿಮೆ’ಯಾಯಿತು, ಫಲಕದಿಂದ ಬಂದ ಪಲಗೆ ‘ಹಲಗೆ’ಯಾಯಿತು, ಪ್ರಸಾದದಿಂದ ಬಂದ ಪಸಾದ ‘ಹಸಾದ’ವಾಯಿತು. ಆದ್ದರಿಂದ ‘ಹವಳ’ದ ಹಕಾರವು ಹೇಳುವುದು ಒಂದೇ ಮಾತು: ಬದಲಾವಣೆ ನಡೆಯುವಾಗ ಈ ಪದ ಕನ್ನಡದೊಳಗೆ ಇತ್ತು. ಅದು ಒಳಗೆ ಹುಟ್ಟಿತೋ ಹೊರಗಿನಿಂದ ಬಂದಿತೋ ಎಂಬುದನ್ನು ಹಕಾರ ಹೇಳಲಾರದು. ಪ್ರವೇಶದ ಕಾಲಕ್ಕೆ ಸಾಕ್ಷಿಯಾಗಬಲ್ಲದ್ದನ್ನು ಜನ್ಮಕ್ಕೆ ಸಾಕ್ಷಿಯಾಗಿ ಕರೆಯುವುದು ವಿಧಾನದ ದೋಷ.

ಹಾಗೆಂದು ಈ ಧ್ವನಿವ್ಯತ್ಯಾಸ ನಿರುಪಯೋಗಿಯಲ್ಲ. ನೆರೆಭಾಷೆಯಲ್ಲಿ ಅದೇ ಪದ ಯಾವ ರೂಪದಲ್ಲಿದೆ ಎಂದು ಹೋಲಿಸಿದಾಗ ಅದು ಕೊಡು–ಕೊಳ್ಳುಗೆಯ ಪದರುಗಳನ್ನು ಬೇರ್ಪಡಿಸುತ್ತದೆ. ಇದಕ್ಕೆ ಖಾನಾಪುರ ತಾಲ್ಲೂಕಿನಲ್ಲಿಯೇ ಒಳ್ಳೆಯ ಮಾನದಂಡವಿದೆ. ಫ್ಲೀಟ್ ಅವರು ಪ್ರಕಟಿಸಿದ ಆದಿಕದಂಬರ ತಾಮ್ರಪಟಗಳಲ್ಲಿ ‘ಪಲಾಶಿಕಾ’ ಎಂದು ಕಾಣಿಸಿಕೊಳ್ಳುವ ಊರು ಮುಂದಿನ ಶಾಸನಗಳಲ್ಲಿ ಹನ್ನೆರಡು ಸಾಸಿರದ ನಾಡಿಗೆ ಹೆಸರು ಕೊಟ್ಟ ‘ಪಲಸಿಗೆ’. ಅದೇ ‘ಹಲಸಿಗೆ’ಯಾಗಿ, ಇಂದು ‘ಹಲಸಿ’ಯಾಗಿದೆ. ಈ ಊರನ್ನು ಮರಾಠಿಗರು ‘ಹಲಶಿ’ ಎನ್ನುತ್ತಾರೆ. ಮರಾಠಿಗೆ ಪಕಾರವನ್ನು ಹಕಾರವಾಗಿಸುವ ನಿಯಮವಿಲ್ಲ. ಆದ್ದರಿಂದ ‘ಹಲಶಿ’ಯ ಹಕಾರ ಕನ್ನಡದಲ್ಲಿ ಬದಲಾವಣೆ ನಡೆದ ಮೇಲೆ ಕನ್ನಡದಿಂದಲೇ ಪಡೆದದ್ದು. ಅದರ ಶಕಾರ ತಾಮ್ರಪಟದ ಶಕಾರದ ಉಳಿಕೆಯೆಂದು ತೋರಬಹುದು. ಆದರೆ ಇಕಾರದ ಮುಂದೆ ಸಕಾರವು ಶಕಾರವಾಗುವುದು ಮರಾಠಿಯ ಸಾಮಾನ್ಯ ಪ್ರವೃತ್ತಿ. ಪಡೆದ ಪದವನ್ನು ಮರಾಠಿ ತನ್ನ ಉಚ್ಚಾರಣೆಗೆ ಒಗ್ಗಿಸಿಕೊಂಡಿದೆ, ಅಷ್ಟೆ.

ಈಗ ಇದೇ ಅಳತೆಗೋಲನ್ನು ನಮ್ಮ ಪದಕ್ಕೆ ಇಡೋಣ. ಮರಾಠಿಯು ‘ಹವಳ’ವನ್ನು ಹಲಸಿಯ ಹೆಸರಿನಂತೆ ಬದಲಾವಣೆಯ ನಂತರ ಪಡೆದಿದ್ದರೆ ಅಲ್ಲಿ ಹಕಾರಾದಿ ರೂಪ ಇರಬೇಕಿತ್ತು. ಇರುವುದು ‘ಪೋವಳೆ’. ಹಾಗಾದರೆ ಬದಲಾವಣೆಗೆ ಮುನ್ನ ಹಳಗನ್ನಡದ ‘ಪವಳ’ದಿಂದ ಪಡೆದಿರಬಹುದಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಮೊದಲ ಅಕ್ಷರದ ಓಕಾರ ಉತ್ತರ ಕೊಡುತ್ತದೆ. ಸಾಮಾನ್ಯವಾಗಿ ‘ಪ್ರವಾದ’ದಿಂದ ಬಂದದ್ದೆಂದು ಹೇಳಲಾಗುವ ಮರಾಠಿಯ ‘ಪೋವಾಡಾ’ದಲ್ಲಿ ಕೂಡ ‘ಪ್ರವಾ’ ಎಂಬ ಆದಿಭಾಗ ‘ಪೋವಾ’ ಆಗಿದೆ. ಪೋವಳೆ, ಪೋವಾಡಾ ಎರಡೂ ಪ್ರಾಕೃತದ ‘ಪವ–’ ಆದಿಯಿಂದ ಮರಾಠಿಯ ಒಳದಾರಿಯಲ್ಲಿಯೇ ಬೆಳೆದ ರೂಪಗಳೆಂದು ತಿಳಿಯಲು ಅಡ್ಡಿಯಿಲ್ಲ. ಅದಕ್ಕಾಗಿ ಕನ್ನಡವನ್ನು ನಡುವೆ ತರಬೇಕಾಗಿಲ್ಲ. ಅದೇ ರೀತಿ ಕನ್ನಡದ ‘ಪವಳ’ವನ್ನು ವಿವರಿಸಲು ಮರಾಠಿಯನ್ನೂ ತರಬೇಕಾಗಿಲ್ಲ, ಓಕಾರದ ಸುಳಿವೇ ಕನ್ನಡ ರೂಪದಲ್ಲಿಲ್ಲ.

ಒಂದು ಅಂಶ ಮಾತ್ರ ಗಮನಾರ್ಹ. ಪ್ರಾಕೃತದ ‘ಪವಾಲ’ದಲ್ಲಿ ಎರಡನೆಯ ಅಕ್ಷರ ದೀರ್ಘ; ಕನ್ನಡ, ಮರಾಠಿಗಳೆರಡರಲ್ಲೂ ಅದು ಹ್ರಸ್ವ. ಕುಮಾರ ‘ಕುವರ’ನಾದಲ್ಲಿ, ಆಕಾಶ ‘ಆಗಸ’ವಾದಲ್ಲಿ ಕನ್ನಡ ಇಂಥ ದೀರ್ಘವನ್ನು ಕುಗ್ಗಿಸಿದೆ, ‘ಹಸಾದ’ದಲ್ಲಿ ಕುಗ್ಗಿಸಿಲ್ಲ. ಎರಡು ಭಾಷೆಗಳ ಸಂಪರ್ಕವೇನಾದರೂ ಈ ಪದದ ಮೇಲೆ ಕೆಲಸ ಮಾಡಿದ್ದರೆ ಅದನ್ನು ಹುಡುಕಬೇಕಾದ ಸ್ಥಳ ಈ ಹ್ರಸ್ವ, ಆದಿಯ ವ್ಯಂಜನವಲ್ಲ.

ಗಡಿನಾಡಿನ ಕನ್ನಡದ ವ್ಯಾಪ್ತಿಯನ್ನು ಊರಹೆಸರುಗಳಿಂದ ಬಗೆದು ತೆಗೆಯುವ ವಿಧಾನವನ್ನು ‘ಕಣ್ಮರೆಯಾದ ಕನ್ನಡ’ದ ಶಂ. ಬಾ. ಜೋಶಿಯವರು ನಮಗೆ ಕಲಿಸಿಕೊಟ್ಟರು. ಅವರೂ ಬೆಳಗಾವಿ ಜಿಲ್ಲೆಯವರೇ. ಆ ವಿಧಾನದ ಬಲ ಊರಹೆಸರು ನೆಲಕ್ಕೆ ಅಂಟಿಕೊಂಡಿರುವುದರಲ್ಲಿದೆ. ಹಲಸಿ ಕದಲುವುದಿಲ್ಲ, ಹವಳ ಪೇಟೆಯಿಂದ ಪೇಟೆಗೆ, ಕೊರಳಿನಿಂದ ಕೊರಳಿಗೆ ಹೋಗುತ್ತದೆ. ಊರಹೆಸರಿನ ನ್ಯಾಯವನ್ನು ಸರಕಿನ ಹೆಸರಿಗೆ ಹಚ್ಚುವುದು ಆ ವಿಧಾನಕ್ಕೆ ಗೌರವ ತರುವುದಿಲ್ಲ.

3. ಳಕಾರ, ೞಕಾರ, ಡಕಾರ

ಈಗ ಮೊದಲನೆಯ ನಿಲುವು. ‘ಪ್ರವಾಳದ ತದ್ಭವ ಹವಳ’ ಎಂಬ ಸೂತ್ರ ತಪ್ಪೆಂದು ನಾವು ಹೇಳುವುದಿಲ್ಲ, ಅದು ಅಪೂರ್ಣ. ದ್ರಾವಿಡ ಭಾಷೆಗಳ ರೂಪಗಳನ್ನು ಒಟ್ಟಿಗಿಟ್ಟು ನೋಡಿದರೆ ಅಪೂರ್ಣತೆ ಎದ್ದು ಕಾಣುತ್ತದೆ. ತಮಿಳಿನಲ್ಲಿ ‘ಪವಳಂ’, ‘ಪವೞಂ’ ಎರಡೂ ಇವೆ. ಮಲಯಾಳಂನಲ್ಲಿ ‘ಪವಿೞಂ’. ತೆಲುಗಿನಲ್ಲಿ ‘ಪಗಡಮು’. ತಮಿಳು–ಮಲಯಾಳಂಗಳ ೞಕಾರಕ್ಕೆ ತೆಲುಗಿನಲ್ಲಿ ಡಕಾರ, ಹೊಸಗನ್ನಡದಲ್ಲಿ ಳಕಾರ ಬರುವುದು ಮೂಲದ್ರಾವಿಡ ಪದಗಳ ಪರಿಚಿತ ಅನುರೂಪತೆ: ತಮಿಳಿನ ‘ಕೋೞಿ’, ತೆಲುಗಿನ ‘ಕೋಡಿ’, ಕನ್ನಡದ ‘ಕೋಳಿ’, ತಮಿಳಿನ ‘ಏೞು’, ತೆಲುಗಿನ ‘ಏಡು’, ಕನ್ನಡದ ‘ಏಳು’. ಈ ಸಾಲಿಗೆ ನಮ್ಮ ಪದವನ್ನು ಸೇರಿಸಿ, ಇದು ಮೂಲದ್ರಾವಿಡ ಎಂದು ಘೋಷಿಸುವುದು ಸುಲಭ.

ಆದರೆ ಅದೇ ಅನುರೂಪತೆಯನ್ನು ಇನ್ನೊಂದು ದಾರಿಯಲ್ಲಿಯೂ ವಿವರಿಸಬಹುದು. ಆರ್ಯಭಾಷೆಗಳ ಡಕಾರವನ್ನು ತಮಿಳು ೞಕಾರವಾಗಿ ಸ್ವೀಕರಿಸಿದ ಉದಾಹರಣೆಗಳಿವೆ: ‘ಪೀಡಾ’ ಅಲ್ಲಿ ‘ಪೀೞೈ’ ಆಗಿದೆ, ‘ಗರುಡ’ ‘ಕಲುೞನ್’ ಆಗಿದ್ದಾನೆ. ನಮ್ಮ ಪದಕ್ಕೂ ಆರ್ಯಭಾಷೆಗಳಲ್ಲಿ ಒಂದೇ ರೂಪವಿಲ್ಲ. ಸಂಸ್ಕೃತದಲ್ಲಿ ‘ಪ್ರವಾಲ’, ಪಾಲಿಯಲ್ಲಿ ಳಕಾರಸಹಿತ ‘ಪವಾಳ’, ಬೌದ್ಧ ಸಂಸ್ಕೃತದಲ್ಲಿ ಡಕಾರಸಹಿತ ‘ಪ್ರವಾಡ’. ಡ–ಳ–ಲ ಎಂಬ ಈ ಅಲೆದಾಟದಲ್ಲಿ ತೆಲುಗಿನ ಡಕಾರಕ್ಕೂ ತಮಿಳಿನ ೞಕಾರಕ್ಕೂ ಕನ್ನಡದ ಳಕಾರಕ್ಕೂ ಬೇಕಾದ ಮೂಲ ಸಿಗುತ್ತದೆ. ಧ್ವನಿನಿಯಮವು ಎರಡೂ ದಿಕ್ಕಿಗೆ ಬಾಗಿಲು ತೆರೆಯುತ್ತದೆ.

ಕನ್ನಡದ ಒಳಗಿನ ಸಾಕ್ಷಿ ಇಲ್ಲಿ ನೆರವಿಗೆ ಬರುತ್ತದೆಯೇ? ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕುಳ, ಕ್ಷಳ, ರಳಗಳನ್ನು ಬೇರ್ಪಡಿಸುತ್ತಾನೆ: ದೇಶ್ಯದ ಳಕಾರ ಕುಳ, ಸಂಸ್ಕೃತದ ಲಕಾರಕ್ಕೆ ಬದಲಾಗಿ ಬರುವುದು ಕ್ಷಳ, ೞಕಾರವು ರಳ. ಈ ವಿಂಗಡಣೆಯಲ್ಲಿ ‘ಪ್ರವಾಳ’ದ್ದು ಕ್ಷಳ. ಹಳಗನ್ನಡ ಕವಿಗಳು ಳಕಾರ–ೞಕಾರಗಳನ್ನು ಬೆರೆಸದೆ ಉಳಿಸಿಕೊಂಡದ್ದು ನಮಗೆ ಹೆಚ್ಚಾಗಿ ತಿಳಿಯುವುದು ಪ್ರಾಸದಿಂದ. ಪ್ರಾಸವಾದರೋ ದ್ವಿತೀಯಾಕ್ಷರದ್ದು. ‘ಪವಳ’ದ ದ್ವಿತೀಯಾಕ್ಷರ ವಕಾರ, ನಮಗೆ ಬೇಕಾದ ಅಕ್ಷರ ಮೂರನೆಯದು. ಛಂದಸ್ಸಿನ ದೀಪ ಬೀಳುವ ಜಾಗದಿಂದ ಈ ಅಕ್ಷರ ಒಂದು ಹೆಜ್ಜೆ ಆಚೆಗೆ ನಿಂತಿದೆ. ಲಿಪಿಕಾರರ ಬರವಣಿಗೆಯ ರೂಢಿಯೊಂದನ್ನೇ ನೆಚ್ಚಿ ಇದರಲ್ಲಿ ತೀರ್ಪು ಕೊಡಲಾಗದು. ಆದ್ದರಿಂದ ಧ್ವನಿಯನ್ನು ಬಿಟ್ಟು ಅರ್ಥದ ಕಡೆಗೆ ತಿರುಗಬೇಕು.

4. ಚಿಗುರು, ಮರ, ಮಣಿ

ಅಮರಕೋಶದ ಪರಂಪರೆಯಲ್ಲಿ ಪ್ರವಾಲಕ್ಕೆ ಮೂರು ಅರ್ಥಗಳಿವೆ: ಹವಳ, ಎಳೆಯ ಚಿಗುರು, ವೀಣೆಯ ದಂಡ. ಹವಳಕ್ಕಿರುವ ಇನ್ನೊಂದು ಹೆಸರು ‘ವಿದ್ರುಮ’; ಅದರೊಳಗೆ ಮರದ ಹೆಸರಾದ ‘ದ್ರುಮ’ವಿದೆ. ಒಟ್ಟಿನಲ್ಲಿ ಸಂಸ್ಕೃತವು ಹವಳವನ್ನು ಸಸ್ಯಲೋಕದ ಮೂಲಕ ನೋಡಿದೆ. ಗ್ರೀಕ್ ಮತ್ತು ರೋಮನ್ ಲೇಖಕರೂ ಅದನ್ನು ನೀರೊಳಗೆ ಮೆತ್ತಗಿದ್ದು ಗಾಳಿ ಸೋಕಿದೊಡನೆ ಕಲ್ಲಾಗುವ ಗಿಡವೆಂದು ವರ್ಣಿಸಿದರು. ಹವಳದ ‘ಹೂ’ಗಳೆಂದು ತಿಳಿದಿದ್ದವು ಪ್ರಾಣಿಗಳೆಂಬುದನ್ನು ಮಾರ್ಸೇಲಿನ ವೈದ್ಯ ಪೇಸೊನ್ನೆಲ್ ಮುಂದಿಟ್ಟದ್ದು 1720ರ ದಶಕದಲ್ಲಿ.

ದ್ರಾವಿಡ ಭಾಷೆಗಳಲ್ಲಿ ಈ ಅರ್ಥವಿಸ್ತಾರವಿಲ್ಲ. ಕನ್ನಡದ ಹವಳ ಚಿಗುರಲ್ಲ, ವೀಣೆಯ ದಂಡವಲ್ಲ. ಅದು ಮಣಿ, ಮತ್ತು ಆ ಮಣಿಯ ಬಣ್ಣ. ‘ಹವಳದ ತುಟಿ’ ಎಂದಾಗ ಕನ್ನಡದ ಕಿವಿಗೆ ಕೇಳುವುದು ಕೆಂಪು, ಕೊಂಬೆಯಲ್ಲ. ತಮಿಳು ಪಾರಿಜಾತವನ್ನು ‘ಪವೞಮಲ್ಲಿ’ ಎಂದಾಗ ಸೂಚಿತವಾಗುವುದು ಆ ಹೂವಿನ ತೊಟ್ಟಿನ ಕೇಸರಿಗೆಂಪು. ಮರಾಠಿಗರು ಒಂದು ಬಗೆಯ ಹಾವನ್ನು ‘ಪೋವಳಾ’ ಎನ್ನುವುದರಲ್ಲಿಯೂ ಕಾಣುವುದು ಬಣ್ಣದ ಹೋಲಿಕೆಯೇ.

ಸರಕಿನೊಡನೆ ಪಯಣಿಸುವ ಪದ ಸಾಮಾನ್ಯವಾಗಿ ಒಂದೇ ಅರ್ಥವನ್ನು ಹೊತ್ತು ಬರುತ್ತದೆ. ಹಲವು ಅರ್ಥಗಳು ಉಳಿಯುವುದು ತವರಿನಲ್ಲಿ. ಸಂಸ್ಕೃತದಲ್ಲಿ ಅಗಲವಾಗಿಯೂ ದ್ರಾವಿಡದಲ್ಲಿ ಕಿರಿದಾಗಿಯೂ ಇರುವ ಅರ್ಥವ್ಯಾಪ್ತಿ ಪದವು ಆರ್ಯಭಾಷೆಯಿಂದ ದ್ರಾವಿಡಕ್ಕೆ ಬಂದಿತೆಂಬುದರ ಕಡೆಗೆ ವಾಲುತ್ತದೆ. ಮಾವಿನ ಎಳೆಚಿಗುರು ಕೆಂಪಗಿರುವುದರಿಂದ ಹವಳದ ಹೆಸರೇ ಚಿಗುರಿಗೆ ಹಬ್ಬಿತೆಂದು ಎದುರುವಾದ ಹೂಡಬಹುದು. ಆದರೆ ವೀಣೆಯ ದಂಡದ ಅರ್ಥವನ್ನು ಕೆಂಪಿನಿಂದ ವಿವರಿಸಲಾಗದು, ಕೊಂಬೆಯಿಂದ ವಿವರಿಸಬಹುದು. ಇದಕ್ಕೆ ಪೂರಕವಾಗಿ ಸಂಗಂ ಸಾಹಿತ್ಯದಲ್ಲಿ ಹವಳಕ್ಕೆ ‘ತುಗಿರ್’ ಎಂಬ ಬೇರೆಯೇ ಪದವಿದೆ. ತನ್ನದೇ ಹೆಸರೊಂದಿದ್ದ ವಸ್ತುವಿಗೆ ಇನ್ನೊಂದು ಹೆಸರು ಬಂದು ನೆಲೆನಿಂತದ್ದು ಪೇಟೆಯ ಪದಗಳ ಚರಿತ್ರೆಯಲ್ಲಿ ಅಪರೂಪವಲ್ಲ. ಆದ್ದರಿಂದ ಪ್ರಾಕೃತದಿಂದ ಎರವಲು ಬಂದ, ಪಕಾರ ಹಕಾರವಾಗುವ ಮುನ್ನವೇ ಕನ್ನಡದ್ದಾದ ಪದ ಹವಳವೆಂಬುದು ನಮ್ಮ ತೀರ್ಮಾನ. ಶಾಲಾ ಪಟ್ಟಿಯ ಸೂತ್ರ ದಿಕ್ಕಿನ ಮಟ್ಟಿಗೆ ಸರಿ. ಆದರೆ ಅದು ಪ್ರಾಕೃತವನ್ನು ಹಾರಿಸಿ, ಸಂಸ್ಕೃತವೇ ನೇರವಾಗಿ ಕನ್ನಡವಾಯಿತೆಂಬ ಭ್ರಮೆ ಹುಟ್ಟಿಸುತ್ತದೆ. ಆ ಭ್ರಮೆಯಿಂದಲೇ ‘ಪೋವಳೆ’ ಎಂಬ ಒಡಹುಟ್ಟು ಕಣ್ಣಿಗೆ ಬೀಳದೆ ಹೋಗುತ್ತದೆ.

5. ಕಡಲಿಲ್ಲದ ಊರಿನಲ್ಲಿ ಕಡಲಿನ ಪದ

ಹವಳ ಈ ನೆಲದ ಬೆಳೆಯಲ್ಲ. ನಮ್ಮ ಕಡಲಿನದೂ ಅಲ್ಲ. ಒಡವೆಯ ಕೆಂಪು ಹವಳ, ಅಂದರೆ ಕೊರಾಲಿಯಂ ರುಬ್ರಂ, ಮೆಡಿಟರೇನಿಯನ್ ಸಮುದ್ರದ್ದು. ಕ್ರಿಸ್ತಶಕ ಮೊದಲನೆಯ ಶತಮಾನದ ಪೆರಿಪ್ಲಸ್ ಗ್ರಂಥವು ಬರುಕಚ್ಛ, ಮುಜಿರಿಸ್ ಮೊದಲಾದ ಬಂದರುಗಳಿಗೆ ಬರುವ ಸರಕುಗಳಲ್ಲಿ ಹವಳವನ್ನು ಎಣಿಸುತ್ತದೆ. ರೋಮನ್ನರು ಭಾರತದ ಮುತ್ತಿಗೆ ಕೊಡುವ ಬೆಲೆಯನ್ನು ಭಾರತೀಯರು ಹವಳಕ್ಕೆ ಕೊಡುತ್ತ್ತಾರೆಂಬ ಅಭಿಪ್ರಾಯ ಪ್ಲಿನಿಯದು. ಅರ್ಥಶಾಸ್ತ್ರದ ಹವಳದ ಪ್ರಕಾರಗಳಲ್ಲಿ ಬರುವ ‘ಆಲಕಂದಕ’ವನ್ನು ಈಜಿಪ್ಟಿನ ಅಲೆಕ್ಸಾಂಡ್ರಿಯದೊಡನೆ ಜೋಡಿಸಿದ ವಿದ್ವಾಂಸರಿದ್ದಾರೆ. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಇಟಲಿಯ ಲಿವೋರ್ನೊದ ಯಹೂದಿ ವರ್ತಕರು ಗೋವೆಗೆ ಹವಳ ಕಳಿಸಿ ವಜ್ರ ತರಿಸಿಕೊಳ್ಳುತ್ತಿದ್ದರು. ಆ ಗೋವೆಯೂ ಖಾನಾಪುರವೂ ನೆರೆಹೊರೆ. ನಡುವೆ ಇರುವುದು ಚೋರ್ಲಾದಂಥ ಘಟ್ಟಗಳು ಮಾತ್ರ.

ಭಾಷಾಶಾಸ್ತ್ರಕ್ಕೆ ಇಲ್ಲಿರುವ ಪಾಠ ಹೀಗಿದೆ. ಪೂರೈಕೆಯ ಕೈಗಳು ಬದಲಾದವು, ಹೆಸರು ಬದಲಾಗಲಿಲ್ಲ. ಗ್ರೀಕರ ‘ಕೊರಾಲಿಯೋನ್’ ಮೊದಲ ಶತಮಾನದಲ್ಲಾಗಲಿ, ಪೋರ್ಚುಗೀಸರ ‘ಕೊರಾಲ್’ ನಂತರದಲ್ಲಾಗಲಿ ಈ ಭಾಗದ ಭಾಷೆಗಳಲ್ಲಿ ಪವಳ–ಪೋವಳೆಗಳನ್ನು ಕದಲಿಸಲಿಲ್ಲ. ಪೋರ್ಚುಗೀಸರ ಆಳ್ವಿಕೆಯನ್ನು ಶತಮಾನಗಳ ಕಾಲ ಕಂಡ ಗೋವೆಯ ಕೊಂಕಣಿಯಲ್ಲಿಯೂ ಉಳಿದದ್ದು ‘ಪೊವಳೆಂ’. ಅರಬ್ಬೀ ಲೋಕದಲ್ಲಿ ಆದದ್ದು ಬೇರೆ: ಮುತ್ತಿಗೆ ಗ್ರೀಕರಿಟ್ಟ ‘ಮಾರ್ಗರೀಟೆಸ್’ ಎಂಬ ಹೆಸರು ಸಿರಿಯಾಕ್ ಮೂಲಕ ಹಾದು ‘ಮರ್ಜಾನ್’ ಆಗಿ ಹವಳದ ಹೆಸರಾಯಿತು. ಅಲ್ಲಿ ಪದವು ಒಂದು ರತ್ನದಿಂದ ಇನ್ನೊಂದಕ್ಕೆ ಜಿಗಿದಿದೆ. ಇಲ್ಲಿ ಒಂದೇ ರತ್ನಕ್ಕೆ ಅಂಟಿಕೊಂಡಿದೆ. ವಸ್ತುವಿನ ಮೂಲವನ್ನು ಪದದ ಮೂಲವೆಂದೋ ಪದದ ಮೂಲವನ್ನು ವಸ್ತುವಿನ ಮೂಲವೆಂದೋ ತಿಳಿಯಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ.

6. ದಿಬ್ಬ, ಭಿತ್ತಿ, ಹುತ್ತ

ಇಲ್ಲಿಯವರೆಗೆ ಹವಳವೆಂದರೆ ಮಣಿ. ಕಡಲೊಳಗೆ ಹವಳವು ಕಟ್ಟಿದ ನೆಲವೊಂದಿದೆಯೆಂಬ ತಿಳಿವು ಈ ಪದದೊಳಗೆ ಬಂದದ್ದು ಆಧುನಿಕ ಭೂಗೋಳಶಾಸ್ತ್ರದಿಂದ. ಇಂಗ್ಲಿಷಿನ ‘ರೀಫ್’ ಹಳೆಯ ನಾರ್ಸ್ ಭಾಷೆಯ ‘ರಿಫ್’ ಎಂಬ ಪದದ ವಂಶದ್ದು. ಅದರ ಅರ್ಥ ಪಕ್ಕೆಲುಬು. ನೀರಿನಡಿಯ ಸಾಲುಬಂಡೆಯನ್ನು ಹಡಗಿನವರು ಎಲುಬಿನಂತೆ ಕಂಡರು. ‘ಅಟಾಲ್’ ಮಾಲ್ದೀವಿನ ದಿವೇಹಿ ಭಾಷೆಯ ಪದ. ಡಾರ್ವಿನ್ನನ 1842ರ ಗ್ರಂಥ ಅದನ್ನು ವಿಜ್ಞಾನದಲ್ಲಿ ಗಟ್ಟಿಗೊಳಿಸಿತು.

ಭಾರತೀಯ ಭಾಷೆಗಳು ಈ ಹೊಸ ಅರ್ಥಕ್ಕೆ ತಮ್ಮ ತಮ್ಮ ರೂಪಕಗಳನ್ನು ಆರಿಸಿಕೊಂಡವು. ಮರಾಠಿ, ಹಿಂದಿಗಳು ಭಿತ್ತಿ ಎಂದವು, ಅಂದರೆ ಗೋಡೆ. ತಮಿಳು ‘ಪವಳಪ್ಪಾಱೈ’ ಎಂದಿತು, ಅಂದರೆ ಬಂಡೆ. ತೆಲುಗು, ಕನ್ನಡಗಳು ದಿಬ್ಬ ಎಂದವು. ಕನ್ನಡದಲ್ಲಿ ‘ಹವಳದ ಬಂಡೆ’ಯೂ ಕೇಳಿಬರುತ್ತದೆ. ಮಲಯಾಳಂ ‘ಪವಿೞಪ್ಪುಱ್ಱ್’ ಎಂದಿತು. ‘ಪುಱ್ಱ್’ ಎಂದರೆ ಹುತ್ತ.

ಬೆಳಗಾವಿಯಂಥ ನಗರದಲ್ಲಿ ಈ ಆಯ್ಕೆಗಳ ಒಂದು ಪರಿಣಾಮ ಕಣ್ಣಿಗೆ ಕಾಣುತ್ತದೆ. ಕನ್ನಡಕ್ಕೂ ಮರಾಠಿಗೂ ಎರಡೆರಡು ಅಂತಸ್ತಿನ ಪದಗಳಿವೆ: ದಿನಬಳಕೆಗೆ ಹವಳ ಮತ್ತು ಪೋವಳೆ, ಆಯುರ್ವೇದದ ಭಸ್ಮಕ್ಕೂ ಗ್ರಂಥಭಾಷೆಗೂ ಎರಡರಲ್ಲೂ ಪ್ರವಾಳ. ವಿಜ್ಞಾನಕ್ಕೆ ಹೆಸರಿಡುವಾಗ ಮರಾಠಿ ಮೇಲಂತಸ್ತಿನಿಂದ ‘ಪ್ರವಾಳ’ವನ್ನು ಎತ್ತಿಕೊಂಡಿತು, ಕನ್ನಡ ಕೆಳಗಿನಿಂದ ‘ಹವಳ’ವನ್ನು ಎತ್ತಿಕೊಂಡಿತು. ಹೀಗಾಗಿ ಮರಾಠಿ ಮಾಧ್ಯಮದ ವಿದ್ಯಾರ್ಥಿಗೆ ಕೊರಳ ಮಣಿಯೂ ಕಡಲ ಭಿತ್ತಿಯೂ ಬೇರೆ ಬೇರೆ ಪದಗಳು. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಎರಡೂ ಒಂದೇ. ಕನ್ನಡದ ಆಯ್ಕೆ ಆಪ್ತವಾದದ್ದು, ಮಗುವಿಗೆ ತಿಳಿಯುವಂಥದ್ದು. ಅದನ್ನು ನಾವು ಮೆಚ್ಚುತ್ತೇವೆ. ಆದರೆ ಅದರಲ್ಲೊಂದು ತೊಡಕಿದೆ. ಒಡವೆಯ ಕೆಂಪು ಹವಳ ದಿಬ್ಬ ಕಟ್ಟುವ ಜಾತಿಯದಲ್ಲ. ಎಂಟು ಸ್ಪರ್ಶಾಂಗಗಳ ಆ ಗುಂಪು ಬೇರೆ. ಸುಣ್ಣದ ದಿಬ್ಬಗಳನ್ನು ಕಟ್ಟುವ ಕಲ್ಲುಹವಳಗಳ ಗುಂಪು ಬೇರೆ. ಒಂದರ ಹೆಸರು ಇನ್ನೊಂದಕ್ಕೆ ಹಬ್ಬಿದ್ದು ಇಂಗ್ಲಿಷಿನಲ್ಲಿ. ಕನ್ನಡ ಆ ಹಬ್ಬುವಿಕೆಯನ್ನು ಇಡಿಯಾಗಿ ಪಡೆಯಿತು.

ಇದು ಬರಿಯ ಪಾಂಡಿತ್ಯದ ತಕರಾರಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಕಲ್ಲುಹವಳಗಳು, ಕಪ್ಪು ಹವಳಗಳು ಮೊದಲಾದವು ಸೇರಿದವು. ಅವುಗಳ ಸಂಗ್ರಹ, ಮಾರಾಟ ಅಪರಾಧ. ಸರಾಫ ಅಂಗಡಿಯ ಹೊರಗಿಂದ ಬಂದ ಕೆಂಪು ಹವಳಕ್ಕೆ ಆ ಪಟ್ಟಿ ಅನ್ವಯಿಸದು. ‘ಹವಳದ ಮಾರಾಟ ನಿಷಿದ್ಧ’ ಎಂಬ ಕನ್ನಡ ವಾಕ್ಯವನ್ನು ಓದಿದ ಪತ್ತಾರ ಏನೆಂದು ತಿಳಿಯಬೇಕು? ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಜೀವಂತ ಹವಳಗಳಿವೆ ಎಂದು ಓದಿದ ಖಾನಾಪುರದ ವಿದ್ಯಾರ್ಥಿ ಅಲ್ಲಿ ಮಂಗಳಸೂತ್ರದ ಮಣಿ ಸಿಗುತ್ತದೆಂದು ಭಾವಿಸಿದರೆ ತಪ್ಪು ಅವನದಲ್ಲ, ಪರಿಭಾಷೆಯದು.

ಮರಾಠಿಯಂತೆ ಮೇಲಂತಸ್ತಿಗೆ ಓಡಬೇಕೆಂಬುದು ನಮ್ಮ ಸಲಹೆಯಲ್ಲ. ಮಲಯಾಳಂ ತೋರಿಸಿದ ದಾರಿ ಉಚಿತವೆನಿಸುತ್ತದೆ. ತಮಿಳಿನ ‘ಪುಱ್ಱು’, ಮಲಯಾಳಂನ ‘ಪುಱ್ಱ್’, ಹಳಗನ್ನಡದ ‘ಪುತ್ತು’, ಹೊಸಗನ್ನಡದ ‘ಹುತ್ತ’ ಒಂದೇ ಪದ. ಪವಳ ಹವಳವಾದ ಹಾದಿಯಲ್ಲಿಯೇ ಪುತ್ತು ಹುತ್ತವಾಗಿದೆ. ದಿಬ್ಬ, ಬಂಡೆ, ಭಿತ್ತಿಗಳೆಲ್ಲ ಆದ ರೂಪವನ್ನು ಹೇಳುತ್ತವೆ, ಕಟ್ಟಿದವರನ್ನು ಹೇಳುವುದಿಲ್ಲ. ಸಣ್ಣ ಜೀವಿಗಳು ಕೂಡಿ ತಮ್ಮ ಗಾತ್ರಕ್ಕೆ ಸಾವಿರ ಪಟ್ಟು ಮಿಗಿಲಾದುದನ್ನು ಕಟ್ಟುತ್ತವೆ ಎಂಬ ಅರ್ಥ ಹುತ್ತದಲ್ಲಿದೆ. ಪಂಚಮಿಯಂದು ಹುತ್ತಕ್ಕೆ ಹಾಲೆರೆಯುವ ನಾಡಿನಲ್ಲಿ ಇದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಹಾವಿನ ನೆನಪು ತರುವುದೆಂಬ ಆಕ್ಷೇಪ ಬರಬಹುದು. ಮಲಯಾಳಂನಲ್ಲಿ ಅದು ಬಳಕೆಗೆ ತೊಡಕಾಗಿಲ್ಲ. ಆದ್ದರಿಂದ ಮೂರು ವಸ್ತುಗಳಿಗೆ ಮೂರು ಪದಗಳಿರಲಿ: ಒಡವೆಗೆ ‘ಕೆಂಪು ಹವಳ’, ಕಲ್ಲುಹವಳದ ಒಂದೊಂದು ಜೀವಸಮೂಹಕ್ಕೆ ‘ಹವಳದ ಹುತ್ತ’, ಅಂಥವು ಸೇರಿ ಆದ ಭೂರೂಪಕ್ಕೆ ‘ಹವಳದ ದಿಬ್ಬ’. ದಡದಿಂದ ದೂರದಲ್ಲಿ ಕಾವಲಿನಂತೆ ಹಬ್ಬುವ ಬಗೆಗೆ, ಗುಡಿಯ ಸುತ್ತುಗೋಡೆಗೆ ಉತ್ತರ ಕರ್ನಾಟಕದಲ್ಲಿ ಬಳಸುವ ‘ಪೌಳಿ’ ಒದಗಬಲ್ಲದು. ಆದರೆ ‘ಪೋವಳೆ’ಗೂ ‘ಪೌಳಿ’ಗೂ ಇರುವ ಧ್ವನಿಸಾಮ್ಯ ಆಕಸ್ಮಿಕ. ಅದನ್ನು ವ್ಯುತ್ಪತ್ತಿಯಾಗಿ ಬೆಳೆಸುವ ಆಸೆಯನ್ನು ಮೊದಲೇ ತಡೆಯುವುದು ಕ್ಷೇಮ.

7. ಉಪಸಂಹಾರ

ಭಾಷೆಗಳ ಬೆರಕೆಗೆ ನಮ್ಮ ಪೂರ್ವಿಕರು ಇಟ್ಟ ಹೆಸರಿನಲ್ಲಿಯೇ ಹವಳವಿದೆ. ಅಮೋಘವರ್ಷನ ಕಾಲದಲ್ಲಿ, 837ರಲ್ಲಿ, ಜಿನಸೇನಾಚಾರ್ಯರು ಮುಗಿಸಿದ ಜಯಧವಲಾ ಟೀಕೆಯು ಪ್ರಾಕೃತ–ಸಂಸ್ಕೃತಗಳ ಮಿಶ್ರಣವನ್ನು ‘ಮಣಿಪ್ರವಾಳ’ವೆಂದು ಕರೆದುಕೊಂಡಿತು. ಆ ಗ್ರಂಥದ ಓಲೆಗಳು ಉಳಿದುಬಂದದ್ದು ಮೂಡಬಿದಿರೆಯಲ್ಲಿ, ಹಳಗನ್ನಡ ಲಿಪಿಯಲ್ಲಿ. ಹದಿನಾಲ್ಕನೆಯ ಶತಮಾನದ ಲೀಲಾತಿಲಕವು ಕೇರಳದ ಮಣಿಪ್ರವಾಳಕ್ಕೆ ಲಕ್ಷಣ ಹೇಳುವಾಗ ಮಣಿ ಎಂದರೆ ಮಾಣಿಕ್ಯವೆಂದು ತಿಳಿಯುತ್ತದೆ: ಎರಡೂ ಕೆಂಪಾದ್ದರಿಂದ ಒಂದೇ ದಾರದಲ್ಲಿ ಪೋಣಿಸಿದಾಗ ಯಾವುದು ಯಾವುದೆಂದು ಎದ್ದು ಕಾಣಬಾರದು. ಬೆಳಗಾವಿಯ ಪದಸಂಪತ್ತು ಅಂಥ ಹಾರವಲ್ಲ. ಇಲ್ಲಿ ಹವಳವೂ ಪೋವಳೆಯೂ ಒಂದೇ ವಸ್ತುವನ್ನು ಹೇಳುತ್ತಲೇ ಬೇರೆಯಾಗಿ ಕಾಣುತ್ತವೆ. ಬೇರೆಯಾಗಿ ಕಾಣುವುದು ಬೇರೆ ಮೂಲದ್ದಾಗಿರಬೇಕಿಲ್ಲ; ಒಂದೇ ಮೂಲದ್ದಾಗಿರುವುದು ಒಂದು ಇನ್ನೊಂದರ ಸೊತ್ತೆಂದು ಹೇಳುವುದಿಲ್ಲ.

ಮುಂದಿನ ನಿಘಂಟುಕಾರರು ‘ಹವಳ’ದ ನಮೂದಿನಲ್ಲಿ ‘ತದ್ಭವ’ ಎಂಬ ಒಂದೇ ಮಾತಿಗೆ ನಿಲ್ಲದೆ ನಾಲ್ಕು ಸಂಗತಿಗಳನ್ನು ಕೊಡಬೇಕೆಂದು ನಾವು ಬಯಸುತ್ತೇವೆ: ಹಳಗನ್ನಡದ ಪವಳ, ಪ್ರಾಕೃತ–ಪಾಲಿಗಳ ಪವಾಲ, ಪವಾಳ, ಒಡಹುಟ್ಟುಗಳಾಗಿ ಪೋವಳೆ ಮತ್ತು ಪೊವಳೆಂ, ಕೊನೆಗೆ, ಒಡವೆಯ ಅರ್ಥವನ್ನೂ ಕಡಲಜೀವಿಯ ಅರ್ಥವನ್ನೂ ಪ್ರತ್ಯೇಕ ಸಂಖ್ಯೆಗಳಲ್ಲಿ. ನಾಲ್ಕು ಸಾಲಿನ ಈ ನಮೂದು ಗಡಿಯ ಯಾವ ಬದಿಯ ವಾದಕ್ಕೂ ಆಯುಧವಾಗದು. ಎರಡೂ ಬದಿಯ ವಿದ್ಯಾರ್ಥಿಗಳಿಗೆ ಉಪಯೋಗಕ್ಕೆ ಬರುತ್ತದೆ.